ತೋಟೆ ತುಂಬುವ ಯಂತ್ರ ಮನೆಗೆ ಬೇಡ, ತೋಟೆಯೇ ತಾಲೂಕಿಗೆ ಬರಲಿ

ಮೊಬೈಲಿನಲ್ಲಿ ಹುಡುಕಿದರೆ ಇಂಥ ವಿಡಿಯೊಗಳು ಬೇಕಾದಷ್ಟು ಸಿಗುತ್ತವೆ. ಅಮೆರಿಕದ ಯಾವುದೋ ಮನೆಯ ಶೆಡ್ಡಿನಲ್ಲಿ ಒಬ್ಬ ಮೇಜಿನ ಮುಂದೆ ಕುಳಿತು ಯಂತ್ರದ ಹಿಡಿಕೆ ಎಳೆಯುತ್ತಾನೆ. ಎಳೆದಷ್ಟು ಸಲ ಒಂದೊಂದು ಹೊಸ ತೋಟೆ ಡಬ್ಬಿಗೆ ಬೀಳುತ್ತದೆ. ನಮ್ಮ ಕೃಷಿಕರು ಇದನ್ನು ನೋಡಿ "ಖಾಲಿ ತೋಟೆ ಮನೆಯಲ್ಲಿ ರಾಶಿ ಬಿದ್ದಿದೆ, ನಾವೂ ಹೀಗೆ ತುಂಬಿಕೊಂಡರೆ ಆಗದೇ?" ಎಂದು ಕೇಳಿದರೆ ಆಶ್ಚರ್ಯವಿಲ್ಲ. ತೋಟಕ್ಕೆ ಹಂದಿ, ಮಂಗ ನುಗ್ಗುವವರಿಗೆ ಹುಟ್ಟುವ ಪ್ರಶ್ನೆ ಅದು.

ನಮ್ಮ ಉತ್ತರ: ಆಗದು. ಆದರೆ ಉತ್ತರವನ್ನು ಅಲ್ಲಿಗೇ ನಿಲ್ಲಿಸಿದರೆ ಕೃಷಿಕನಿಗೆ ಅನ್ಯಾಯ ಮಾಡಿದಂತೆ.

ಮೊದಲು ಯಂತ್ರದ ವಿಷಯ. ಇದಕ್ಕೆ ಪ್ರೋಗ್ರೆಸ್ಸಿವ್ ಪ್ರೆಸ್ ಎನ್ನುತ್ತಾರೆ. ಒಂದು ತಿರುಗುವ ತಟ್ಟೆಯಲ್ಲಿ ನಾಲ್ಕೈದು ಖಾಲಿ ತೋಟೆಗಳು ನಿಂತಿರುತ್ತವೆ. ಹಿಡಿಕೆ ಎಳೆದಾಗ ಒಂದರಿಂದ ಹಳೇ ಕೇಪು ಹೊರಬೀಳುತ್ತದೆ, ಇನ್ನೊಂದಕ್ಕೆ ಹೊಸ ಕೇಪು ಕೂರುತ್ತದೆ, ಮತ್ತೊಂದಕ್ಕೆ ಮದ್ದು ಬೀಳುತ್ತದೆ, ಮುಂದಿನದಕ್ಕೆ ಗುಂಡೋ ಚರೆಯೋ ಸೇರಿ ಬಾಯಿ ಮುಚ್ಚುತ್ತದೆ. ಎಲ್ಲವೂ ಒಂದೇ ಏಟಿಗೆ. ಬೇಗ ಕೆಲಸವಾಗುವುದು ಇದರ ಗುಣ, ಅಪಾಯವೂ ಅದೇ. ನಾಲ್ಕು ಕೆಲಸ ಒಟ್ಟಿಗೆ ನಡೆಯುವಾಗ ಒಂದು ತಪ್ಪಿದರೆ ಕಣ್ಣಿಗೆ ಬೀಳುವುದಿಲ್ಲ. ಎಳೆತ ಅರ್ಧಕ್ಕೆ ನಿಂತು ಮತ್ತೆ ಎಳೆದರೆ ಒಂದೇ ತೋಟೆಗೆ ಎರಡು ಪಟ್ಟು ಮದ್ದು ಬೀಳಬಹುದು, ಅಥವಾ ಬೀಳದೇ ಹೋಗಬಹುದು. ಹೆಚ್ಚಾದರೆ ಕೋವಿ ಕೈಯಲ್ಲೇ ಒಡೆಯುತ್ತದೆ. ಇಲ್ಲವಾದರೆ ಗುಂಡು ನಳಿಗೆಯ ನಡುವೆ ಸಿಕ್ಕಿಕೊಳ್ಳುತ್ತದೆ. ಅದು ಗೊತ್ತಿಲ್ಲದೆ ಇನ್ನೊಂದು ಈಡು ಹೊಡೆದರೆ ನಳಿಗೆ ಸೀಳುತ್ತದೆ.

ಅಲ್ಲಿನವರು ಈ ಯಂತ್ರವನ್ನು ಬಳಸುವುದಕ್ಕಿಂತ ನೋಡಿಕೊಳ್ಳುವುದರಲ್ಲೇ ಹೆಚ್ಚು ಜಾಗ್ರತೆ ಮಾಡುತ್ತಾರೆ. ಚೆಲ್ಲಿದ ಮದ್ದು, ಕೇಪಿನ ಕರಿ, ಸೀಸದ ಧೂಳು ಒರೆಸಬೇಕು. ಮದ್ದಿನ ಅಳತೆಯನ್ನು ಆಗಾಗ ತಕ್ಕಡಿಗೆ ಹಾಕಿ ನೋಡಬೇಕು. ಕೇಪು ಸಿಕ್ಕಿಕೊಂಡರೆ ಬಲ ಹಾಕಬಾರದು, ಒತ್ತಿದರೆ ಸಿಡಿಯುವುದೇ ಅದರ ಕೆಲಸ. ಸೀಸ ಮುಟ್ಟಿದ ಕೈಯಲ್ಲಿ ಊಟ ಮಾಡಬಾರದು, ಮಕ್ಕಳು ಆ ಕೋಣೆಗೆ ಬರಬಾರದು. ಅರ್ಧ ನಿಮಿಷದ ವಿಡಿಯೊದಲ್ಲಿ ಇದೆಲ್ಲ ಕಾಣುವುದಿಲ್ಲ. ನಮ್ಮ ಕರಾವಳಿಯ ಮಳೆಗಾಲದಲ್ಲಿ ಬೆಂಕಿಪೆಟ್ಟಿಗೆಯೇ ಮೆತ್ತಗಾಗುತ್ತದೆ. ಮನೆಯಲ್ಲಿಟ್ಟ ಮದ್ದು ಹೇಗಿರುತ್ತದೆ ಎಂದು ಯೋಚಿಸಿ.

ಪಣಂಬೂರಿನವರಿಗೆ ಈ ಮಾತು ಬೇಗ ಅರ್ಥವಾಗುತ್ತದೆ. ಇಲ್ಲಿನ ಬಂದರಿಗೆ ಅಡುಗೆ ಅನಿಲ ತುಂಬಿದ ಹಡಗುಗಳು ಬರುತ್ತವೆ. ಪಕ್ಕದಲ್ಲೇ ಎಂಸಿಎಫ್ ಗೊಬ್ಬರ ಕಾರ್ಖಾನೆ ಇದೆ. ಇಂಥ ಕಡೆ ಪರವಾನಗಿ, ತಪಾಸಣೆ, ಅಣಕು ಕಾರ್ಯಾಚರಣೆ ಇರಲೇಬೇಕು ಎಂದು ಊರವರು ಹಟ ಹಿಡಿಯುತ್ತೇವೆ, ಅದು ಸರಿ. ಕಂಪನಿಗೆ ಬೇಕಾದ ಶಿಸ್ತು ನಮ್ಮ ಮನೆಯ ಹಿಂದಿನ ಕೊಟ್ಟಿಗೆಗೆ ಬೇಡವೇ? 2024ರ ಜನವರಿ 28ರಂದು ಬೆಳ್ತಂಗಡಿ ತಾಲೂಕಿನ ವೇಣೂರು ಸಮೀಪ ಪಟಾಕಿ ತಯಾರಿಸುವಲ್ಲಿ ಸ್ಫೋಟವಾಗಿ ಮೂವರು ಸತ್ತರು. ಅದೇ ಕಸುಬು ಮಾಡುವ ಜಾಗದಲ್ಲೇ ಹೀಗಾದರೆ, ವಿಡಿಯೊ ನೋಡಿ ಕಲಿತವರ ಪಾಡೇನು?

ಇನ್ನು ಕಾನೂನು. 1959ರ ಶಸ್ತ್ರಾಸ್ತ್ರ ಕಾಯ್ದೆಯ 2ನೇ ಸೆಕ್ಷನ್ ಮದ್ದುಗುಂಡು ಎಂದರೇನು ಎಂದು ಹೇಳುತ್ತದೆ. ಅದರಲ್ಲಿ ಮದ್ದುಗುಂಡಿನ ಬಿಡಿಭಾಗ ಮಾತ್ರವಲ್ಲ, ಅದನ್ನು ತಯಾರಿಸುವ ಯಂತ್ರವೂ ಸೇರಿದೆ. ಅಂದರೆ ಒಂದು ಕಾಳು ಮದ್ದು ಇಲ್ಲದಿದ್ದರೂ ಆ ಪ್ರೆಸ್ಸೇ ಕಾನೂನಿನ ಕಣ್ಣಿಗೆ ಮದ್ದುಗುಂಡು. ಅದನ್ನು ವಿದೇಶದಿಂದ ತರಿಸಲು 10ನೇ ಸೆಕ್ಷನ್ ಪ್ರಕಾರ ಲೈಸೆನ್ಸ್ ಬೇಕು. ಮದ್ದುಗುಂಡು ತಯಾರಿಸಲು 5ನೇ ಸೆಕ್ಷನ್ ಪ್ರಕಾರ ಬೇರೆಯೇ ಲೈಸೆನ್ಸ್ ಬೇಕು. "ನನ್ನ ಕೋವಿಗೆ ಲೈಸೆನ್ಸ್ ಇದೆಯಲ್ಲ" ಎಂಬ ಮಾತು ಇಲ್ಲಿ ನಡೆಯದು. 2019ರ ತಿದ್ದುಪಡಿಯ ನಂತರ ಲೈಸೆನ್ಸ್ ಇಲ್ಲದೆ ತಯಾರಿಸಿದರೆ ಶಿಕ್ಷೆ ಕನಿಷ್ಠ 7 ವರ್ಷ, ಜೀವಾವಧಿಯವರೆಗೂ ಹೋಗಬಹುದು. ವಿದೇಶಿ ಸರಕು ತಪಾಸಣೆ ಮಾಡುವ ಕಸ್ಟಮ್ಸ್ ಹೌಸ್ ಪಣಂಬೂರಿನಲ್ಲೇ ಇದೆ. ಹೊಲಿಗೆ ಯಂತ್ರದ ಭಾಗ ಎಂದು ಚೀಟಿ ಅಂಟಿಸಿ ತರಿಸಿಕೊಡುತ್ತೇನೆ ಎನ್ನುವವರನ್ನು ನಂಬಬೇಡಿ. ಸಿಕ್ಕಿಬೀಳುವುದು ಅವರಲ್ಲ, ವಿಳಾಸದಲ್ಲಿ ಹೆಸರಿರುವ ನೀವು.

ಕೊಡಗಿನ ಉದಾಹರಣೆ ಕೊಡುವವರಿದ್ದಾರೆ. ಕೊಡವರಿಗೆ ಮತ್ತು ಜಮ್ಮಾ ಭೂಮಿ ಹೊಂದಿದವರಿಗೆ ಕೋವಿ ಲೈಸೆನ್ಸಿನಿಂದ ಇರುವ ವಿನಾಯಿತಿಯನ್ನು ಕೇಂದ್ರ ಸರ್ಕಾರ 2029ರವರೆಗೆ ಮುಂದುವರಿಸಿದೆ, ನಿಜ. ಆದರೆ ಅದು ಕೋವಿ ಇಟ್ಟುಕೊಳ್ಳುವ ಮಾತು. ಮನೆಯಲ್ಲಿ ಕಾರ್ಖಾನೆ ಹಾಕುವ ಮಾತಲ್ಲ.

ಇಷ್ಟು ಹೇಳಿದ ಮೇಲೆ ಸರ್ಕಾರದ ಕಡೆಗೂ ತಿರುಗಬೇಕು. ಸುಳ್ಯ, ಕಡಬ, ಬೆಳ್ತಂಗಡಿಯ ಕೃಷಿಕ ಕೋವಿ ಇಟ್ಟುಕೊಂಡಿರುವುದು ಶೋಕಿಗಲ್ಲ. ಹಂದಿಯ ಹಿಂಡು ಒಂದು ರಾತ್ರಿ ನುಗ್ಗಿದರೆ ಗದ್ದೆಯೋ ಬಾಳೆಯೋ ಬೆಳಗ್ಗೆ ಇರುವುದಿಲ್ಲ. ಅವನ ಲೈಸೆನ್ಸಿನಲ್ಲಿ ವರ್ಷಕ್ಕೆ ಎಷ್ಟು ತೋಟೆ ಎಂದು ಬರೆದಿರುತ್ತದೆ. ಅಷ್ಟನ್ನು ತರಲು ಒಂದು ದಿನದ ಕೆಲಸ ಬಿಟ್ಟು ಬಸ್ಸು ಹತ್ತಬೇಕು. ಚುನಾವಣೆ ಬಂತೆಂದರೆ ಕೋವಿಯನ್ನೇ ಠಾಣೆಯಲ್ಲಿ ಠೇವಣಿ ಇಡಲು ಆದೇಶ ಬರುತ್ತದೆ, ಹಂದಿಗೆ ನೀತಿ ಸಂಹಿತೆ ಇಲ್ಲ. ಕಾನೂನಿನ ದಾರಿ ಇಷ್ಟು ಉದ್ದವಾದರೆ ಜನ ಅಡ್ಡದಾರಿ ಹುಡುಕುತ್ತಾರೆ. ಯಂತ್ರದ ಆಸೆ ಹುಟ್ಟುವುದು ಅಲ್ಲಿಂದ.

ಆದ್ದರಿಂದ ನಾವು ಕೇಳುವುದು ಮೂರು. ಒಂದು, ಪುಣೆ ಬಳಿಯ ಖಡ್ಕಿಯ ಸರ್ಕಾರಿ ಕಾರ್ಖಾನೆಯಲ್ಲಿ 12 ಬೋರ್ ತೋಟೆ ತಯಾರಾಗುತ್ತದೆ. ಬೆಳೆ ರಕ್ಷಣೆ ಲೈಸೆನ್ಸ್ ಇರುವವರಿಗೆ ಅದು ನಿಗದಿತ ದರದಲ್ಲಿ ತಾಲೂಕು ಮಟ್ಟದಲ್ಲೇ, ವರ್ಷಕ್ಕೆ ಎರಡು ಸಲವಾದರೂ ಸಿಗುವಂತಾಗಲಿ. ಎರಡು, ಚುನಾವಣೆ ವೇಳೆ ಪ್ರಕರಣ ಇಲ್ಲದ ಕೃಷಿಕರನ್ನು ಅರ್ಜಿ ಹಿಡಿದು ಅಲೆಸದೆ ಮೊದಲೇ ಠೇವಣಿಯಿಂದ ಬಿಡಲಿ. ಮೂರು, ಲೈಸೆನ್ಸ್ ಇರುವ ಕೋವಿ ರಿಪೇರಿಯವರನ್ನು ಕರೆಸಿ ವರ್ಷಕ್ಕೊಮ್ಮೆ ತಾಲೂಕಿನಲ್ಲಿ ತಪಾಸಣೆ ಶಿಬಿರ ನಡೆಸಲಿ. ಹಳೇ ಕೋವಿಯ ಸಡಿಲ ಕೀಲು ಅಲ್ಲೇ ಗೊತ್ತಾಗಲಿ.

ಅಲ್ಲಿಯವರೆಗೆ ನಿಮ್ಮ ಕೈಯಲ್ಲಿರುವುದನ್ನು ಮಾಡಿ. ತೋಟೆಯನ್ನು ಕೋವಿಯಿಂದ ಬೇರೆ ಕಡೆ, ಒಣ ಡಬ್ಬಿಯಲ್ಲಿ ಬೀಗ ಹಾಕಿ ಇಡಿ. ಉಬ್ಬಿದ, ಹಸಿರು ಹಿಡಿದ ತೋಟೆಯನ್ನು ಬಿಚ್ಚಲು ಹೋಗಬೇಡಿ, ಬಳಸಲೂ ಬೇಡಿ. ಮಾರಿದ ಅಂಗಡಿಗೋ ಠಾಣೆಗೋ ತಿಳಿಸಿ ಒಪ್ಪಿಸಿ. ಕೋವಿ ಒರೆಸುವ ಮುನ್ನ ಖಾಲಿ ಇದೆಯೇ ಎಂದು ಎರಡು ಸಲ ನೋಡಿ. ಈಡು ಹೊಡೆದಾಗ ಸದ್ದು ಸಣ್ಣದಾಗಿ ಬಂದರೆ ಇನ್ನೊಂದು ಹೊಡೆಯಬೇಡಿ. ನಳಿಗೆಯನ್ನು ಯಾರೂ ಇಲ್ಲದ ಕಡೆ ತಿರುಗಿಸಿ ಹಿಡಿದು ಸ್ವಲ್ಪ ಹೊತ್ತು ಕಾಯಿರಿ, ಆಮೇಲೆ ತೋಟೆ ತೆಗೆದು, ನಳಿಗೆಯಲ್ಲಿ ಏನಾದರೂ ಸಿಕ್ಕಿಕೊಂಡಿದೆಯೇ ಎಂದು ಹಿಂಬದಿಯಿಂದ ನೋಡಿ. ಕಾಡುಪ್ರಾಣಿಯ ಮೇಲೆ ಗುಂಡು ಹಾರಿಸಲು ಅರಣ್ಯ ಇಲಾಖೆಯ ಅನುಮತಿ ಬೇಕು ಎಂಬುದನ್ನೂ ಮರೆಯಬೇಡಿ.

ಈ ಮೂರು ಬೇಡಿಕೆಯನ್ನು ಮುಂದಿನ ಗ್ರಾಮಸಭೆಯಲ್ಲಿ ಬರವಣಿಗೆಯಲ್ಲಿ ಕೊಡಿ, ನಿರ್ಣಯವಾಗಿ ದಾಖಲಾಗಲಿ. ಜಿಲ್ಲಾಧಿಕಾರಿ ಕಚೇರಿಗೆ ಒಬ್ಬರ ಅರ್ಜಿಗಿಂತ ಒಂದು ಪಂಚಾಯಿತಿಯ ನಿರ್ಣಯ ಭಾರ. ಕೈಬೆರಳು, ಕಣ್ಣು ಕಳೆದುಕೊಂಡು ಜೈಲಿಗೂ ಹೋಗುವುದಕ್ಕಿಂತ ಒಂದು ಹಾಳೆ ಬರೆಯುವುದು ಸುಲಭ.