ಹೊಸ ಕಣ್ಣು ಬಂತೆಂದು ಹಳೇ ಕಣ್ಣು ಮುಚ್ಚಬೇಕೆ?

ಲ್ಯಾನ್‌ಹ್ಯಾಮ್ ಅಂದ್ರೆ ಈ ಕಡೆಯ ಕನ್ನಡಿಗರಿಗೆ ಮೊದಲು ನೆನಪಾಗೋದು ಶಿವ-ವಿಷ್ಣು ದೇವಸ್ಥಾನ. ಅದಕ್ಕೆ ಹತ್ತಿರದಲ್ಲೇ, ಗ್ರೀನ್‌ಬೆಲ್ಟ್‌ನಲ್ಲಿ, ನಾಸಾದ ಗೊಡಾರ್ಡ್ ಕೇಂದ್ರ ಇದೆ. ಹಬಲ್ ದೂರದರ್ಶಕವನ್ನು ನಿಯಂತ್ರಿಸೋದು ಅಲ್ಲಿಂದಲೇ. ವೆಬ್ ದೂರದರ್ಶಕದ ಕನ್ನಡಿಯ 18 ತುಂಡುಗಳನ್ನು ಜೋಡಿಸಿದ್ದೂ ಅಲ್ಲೇ. ಇವತ್ತು ನಾವು ಹೇಳಬೇಕಾದ್ದು ಇಷ್ಟೇ: ವೆಬ್ ಬಂತು ಅಂತ ಹಬಲ್‌ನ ಖರ್ಚಿಗೆ ಕತ್ತರಿ ಹಾಕಬಾರದು.

ಯಾಕೆ ಅಂತೀರಾ? 2024ರ ಅಕ್ಟೋಬರ್ ಕೊನೆಯಲ್ಲಿ ನಾಸಾ ಒಂದು ಚಿತ್ರ ಬಿಡುಗಡೆ ಮಾಡಿತು. ಚಿತ್ರವನ್ನು ಕೇಳಿಸೋಕಾಗಲ್ಲ, ವಿವರಿಸ್ತೀವಿ. ಐಸಿ 2163 ಮತ್ತು ಎನ್‌ಜಿಸಿ 2207 ಅನ್ನೋ ಎರಡು ಸುರುಳಿ ಗೆಲಾಕ್ಸಿಗಳು, ಕತ್ತಲಲ್ಲಿ ದಿಟ್ಟಿಸಿ ನೋಡೋ ಎರಡು ಕೆಂಗಣ್ಣುಗಳ ಹಾಗೆ. ಲುಬ್ಧಕ ನಕ್ಷತ್ರ ಇರೋ ಮಹಾಶ್ವಾನ ಪುಂಜದ ದಿಕ್ಕಿನಲ್ಲಿ, ನಮ್ಮಿಂದ ಸುಮಾರು 8 ಕೋಟಿ ಜ್ಯೋತಿರ್ವರ್ಷ ದೂರ. ಚಿಕ್ಕದು ದೊಡ್ಡದರ ಹಿಂದೆ ಸವರಿಕೊಂಡು ಹೋಗಿದೆ. ಆ ಜಗ್ಗಾಟದಲ್ಲಿ ಅನಿಲ ಒತ್ತಿಕೊಂಡು, ಇವೆರಡರಲ್ಲಿ ವರ್ಷಕ್ಕೆ ಸೂರ್ಯನಷ್ಟು ದೊಡ್ಡ ಸುಮಾರು 24 ನಕ್ಷತ್ರಗಳು ಹುಟ್ಟುತ್ತಿವೆ. ನಮ್ಮ ಆಕಾಶಗಂಗೆಯಲ್ಲಿ ಎರಡೋ ಮೂರೋ.

ಈಗ ಮುಖ್ಯ ವಿಷಯ. ಈ ಚಿತ್ರ ಒಂದೇ ದೂರದರ್ಶಕದ್ದಲ್ಲ. ಹಬಲ್ ನೋಡಿದ್ದು ಕಣ್ಣಿಗೆ ಕಾಣುವ ಬೆಳಕು ಮತ್ತು ಅತಿನೇರಳೆ. ವೆಬ್ ನೋಡಿದ್ದು ಅವಕೆಂಪು. ಹಬಲ್‌ಗೆ ಕಪ್ಪು-ಕಂದು ಪಟ್ಟಿಯಾಗಿ ಕಂಡ ದೂಳು, ವೆಬ್‌ಗೆ ಹೊಳೆಯುವ ಬಲೆಯಾಗಿ ಕಂಡಿದೆ. ಹೊಸ ನಕ್ಷತ್ರಗಳ ನೀಲಿ ಬೆಳಕು ಹಬಲ್‌ಗೇ ಸಿಕ್ಕಿದ್ದು. ಅತಿನೇರಳೆ ವೆಬ್‌ಗೆ ಕಾಣೋದೇ ಇಲ್ಲ, ಅದನ್ನು ಕಟ್ಟಿದ್ದು ಆ ಕೆಲಸಕ್ಕಲ್ಲ. ನೆಲದ ಮೇಲಿನ ದೂರದರ್ಶಕಗಳಿಂದ ನೋಡೋಣ ಅಂದ್ರೆ, ಅತಿನೇರಳೆಯ ಬಹುಪಾಲನ್ನು ವಾತಾವರಣವೇ ತಡೆಯುತ್ತೆ.

ಬೆಂಗಳೂರಿನ ಇಂಡಿಯನ್ ಇನ್‌ಸ್ಟಿಟ್ಯೂಟ್ ಆಫ್ ಆಸ್ಟ್ರೋಫಿಸಿಕ್ಸ್ ಮುಂದಾಳತ್ವದಲ್ಲಿ ತಯಾರಾಗಿ, 2015ರಲ್ಲಿ ಆಸ್ಟ್ರೋಸ್ಯಾಟ್ ಜೊತೆ ಹಾರಿದ ಅತಿನೇರಳೆ ದೂರದರ್ಶಕ ನಮ್ಮ ಹೆಮ್ಮೆ. ಆದರೆ ಅದರ ಕನ್ನಡಿಗಳು ಸುಮಾರು 38 ಸೆಂಟಿಮೀಟರ್, ಹಬಲ್‌ನದು 2.4 ಮೀಟರ್. ಅದು ವಿಶಾಲವಾಗಿ ನೋಡುತ್ತೆ, ಹಬಲ್ ಸೂಕ್ಷ್ಮವಾಗಿ ನೋಡುತ್ತೆ. ಒಂದರ ಕೆಲಸ ಇನ್ನೊಂದು ಮಾಡಲ್ಲ.

ಹಬಲ್‌ಗೆ ವಯಸ್ಸಾಗಿದೆ, ನಿಜ. 1990ರಲ್ಲಿ ಹಾರಿದ್ದು, ಕೊನೇ ರಿಪೇರಿ 2009ರಲ್ಲಿ. 2024ರ ಜೂನ್‌ನಿಂದ ಒಂದೇ ಗೈರೋ ನೆಚ್ಚಿಕೊಂಡು ನಡೀತಿದೆ. ಅದು ತಾನಾಗಿ ಕೆಟ್ಟು ನಿಂತರೆ ಮಾತು ಬೇರೆ. ಆದರೆ 2026ರ ಆರ್ಥಿಕ ವರ್ಷಕ್ಕೆ ಅಮೆರಿಕದ ಆಡಳಿತ ಮುಂದಿಟ್ಟ ಪ್ರಸ್ತಾವದಲ್ಲಿ ನಾಸಾದ ವಿಜ್ಞಾನದ ಹಣವನ್ನೇ ಹೆಚ್ಚುಕಡಿಮೆ ಅರ್ಧಕ್ಕೆ ಇಳಿಸೋ ಮಾತಿತ್ತು. ಇಂಥ ಪ್ರಸ್ತಾವ ಒಂದು ವರ್ಷ ನಿಂತರೂ ಇನ್ನೊಂದು ವರ್ಷ ಬರಬಹುದು. ಆಗ ಮೊದಲು ಕಣ್ಣಿಗೆ ಬೀಳೋದು ಹಳೇ ಯಂತ್ರಗಳೇ.

ಹೊಸ ನೀರು ಬಂದು ಹಳೇ ನೀರು ಕೊಚ್ಚಿಕೊಂಡು ಹೋಯ್ತು ಅಂತಾರಲ್ಲ, ಆ ಮಾತು ಇಲ್ಲಿ ಸಲ್ಲದು. ಇಲ್ಲಿ ಓಟು ಇರೋ ಕೇಳುಗರು ನಿಮ್ಮ ಕಾಂಗ್ರೆಸ್ ಸದಸ್ಯರಿಗೆ ಎರಡು ಸಾಲು ಬರೀರಿ. ಬೇರೆ ಕಡೆ ಇರೋರು ಮಕ್ಕಳಿಗೆ ಆ ಚಿತ್ರ ತೋರಿಸಿ, ಯಾವ ಬೆಳಕು ಯಾವ ಕಣ್ಣಿನದು ಅಂತ ಹೇಳಿಕೊಡಿ. ಮುಂದಿನ ಸಂಚಿಕೆಯಲ್ಲಿ ಸಿಗೋಣ.