ಅವ್ವನ ಹೆಜ್ಜೆಯ ಲೆಕ್ಕ

'ಊಟ ಬಲ್ಲವನಿಗೆ ರೋಗವಿಲ್ಲ' ಎಂಬ ಗಾದೆಯನ್ನು ನಾವೆಲ್ಲರೂ ಕೇಳಿದ್ದೇವೆ. ಊಟವನ್ನು ಬಲ್ಲವಳು, ಬೇಯಿಸಿ ಬಡಿಸುವವಳು ಹೆಂಗಸು. ಗಾದೆ ಮಾತ್ರ 'ಬಲ್ಲವನಿಗೆ' ಎನ್ನುತ್ತದೆ. ಆರೋಗ್ಯದ ಲೆಕ್ಕದಲ್ಲಿ ಹೆಂಗಸನ್ನು ಮರೆಯುವ ಈ ರೂಢಿ ಮೊಬೈಲಿನ ಯುಗದಲ್ಲಿಯೂ ಹೋಗಿಲ್ಲವೆಂಬುದೇ ನನ್ನ ಅಭಿಪ್ರಾಯ.

ಕಳೆದ ಬೇಸಿಗೆ ರಜೆಯಲ್ಲಿ ಮರಿಯಮ್ಮನಹಳ್ಳಿಯ ನಮ್ಮ ಮನೆಯಲ್ಲಿ ನಡೆದ ಸಂಗತಿಯಿದು. ಅವ್ವನಿಗೆ ರಕ್ತದೊತ್ತಡವಿದೆ, ತೂಕ ಇಳಿಸಬೇಕು ಎಂದು ವೈದ್ಯರು ಹೇಳಿದ್ದರು. ಅಣ್ಣ ಉತ್ಸಾಹದಿಂದ ತನ್ನ ಮೊಬೈಲಿನಲ್ಲಿ ಹೆಜ್ಜೆ ಎಣಿಸುವ ಆ್ಯಪ್ ಹಾಕಿ, ಅದರಲ್ಲಿ ಅವಳ ಹೆಸರು, ವಯಸ್ಸು, ತೂಕಗಳನ್ನು ತುಂಬಿದನು. ವಾರದ ಮೇಲೆ ನೋಡಿದರೆ ಅವ್ವನ ಹೆಸರಿನಲ್ಲಿದ್ದವು ಅಣ್ಣನ ಹೆಜ್ಜೆಗಳು! ಮೊಬೈಲು ಅವನ ಜೇಬಿನಲ್ಲಿತ್ತು. ಒಲೆಯಿಂದ ಹಿತ್ತಲಿಗೆ ದಿನವೆಲ್ಲ ತಿರುಗಿದವಳ ಹೆಜ್ಜೆ ಯಾವ ಲೆಕ್ಕಕ್ಕೂ ಬಂದಿರಲಿಲ್ಲ.

ನಾವು ನಕ್ಕೆವು. ಆದರೆ ಇದು ನಗುವ ವಿಷಯವಲ್ಲ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ, 15ರಿಂದ 49 ವಯಸ್ಸಿನ ಭಾರತೀಯ ಮಹಿಳೆಯರಲ್ಲಿ ನೂರಕ್ಕೆ 24 ಮಂದಿಗೆ ತೂಕ ಹೆಚ್ಚು. ತಾವೇ ಬಳಸುವ ಮೊಬೈಲು ಇದ್ದುದು ನೂರಕ್ಕೆ 54 ಮಂದಿಗೆ ಮಾತ್ರ. ಅನೇಕರ ಪಾಲಿಗೆ ತೂಕ ತಮ್ಮದು, ಅಳೆಯುವ ಸಾಧನ ಇನ್ನೊಬ್ಬರದು.

ಹಾಗೆಂದು ನಾನು ಈ ಸಾಧನಗಳ ವಿರೋಧಿಯಲ್ಲ. ಅವು ಹೇಳಿದ್ದೆಲ್ಲ ವೇದವಾಕ್ಯವಲ್ಲ ಎಂಬುದಷ್ಟೇ ನನ್ನ ವಾದ. ದಿನಕ್ಕೆ 10,000 ಹೆಜ್ಜೆ ಎಂಬ ಗುರಿ ಯಾವ ವೈದ್ಯ ಪ್ರಯೋಗದಿಂದಲೂ ಹುಟ್ಟಿದ್ದಲ್ಲ. 1965ರ ಸುಮಾರಿಗೆ ಜಪಾನಿನಲ್ಲಿ ಮಾರಾಟಕ್ಕೆ ಬಂದ ಹೆಜ್ಜೆಮಾಪಕವೊಂದರ ಹೆಸರಿನಿಂದ ಬಂದದ್ದು. ಅಮೆರಿಕದ ಸುಮಾರು 16,700 ವಯಸ್ಸಾದ ಮಹಿಳೆಯರನ್ನು ಗಮನಿಸಿ 2019ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ದಿನಕ್ಕೆ 2,700 ಹೆಜ್ಜೆ ನಡೆದವರಿಗಿಂತ 4,400 ಹೆಜ್ಜೆ ನಡೆದವರಲ್ಲಿ ಸಾವಿನ ಪ್ರಮಾಣ ಕಡಿಮೆಯಿತ್ತು. 7,500ರ ಆಚೆಗೆ ಹೆಚ್ಚಿನ ಲಾಭ ಕಾಣಲಿಲ್ಲ. ಹತ್ತು ಸಾವಿರಕ್ಕೆ ಹೆದರಿ ಕುಳಿತುಬಿಡುವ ತಾಯಂದಿರಿಗೆ ಇದನ್ನು ಹೇಳುವವರಾರು? ಇನ್ನು ಸೊಂಟದ ಸುತ್ತಳತೆ ನೋಡಲು ಆ್ಯಪೇ ಬೇಡ, ದರ್ಜಿಯ ಟೇಪು ಸಾಕು. ಭಾರತೀಯ ಹೆಂಗಸರಿಗೆ 80 ಸೆಂಟಿಮೀಟರ್ ದಾಟಿದರೆ ಎಚ್ಚರವಹಿಸಬೇಕೆನ್ನುತ್ತಾರೆ ವೈದ್ಯರು.

ಹೃದಯದ ಮಾತು ಇನ್ನೂ ಗಂಭೀರವಾದುದು. ಹೃದಯಾಘಾತವಾದಾಗ ಹೆಂಗಸರಿಗೂ ಎದೆನೋವು ಬರುವುದುಂಟು. ಆದರೆ ಉಸಿರು ಕಟ್ಟುವುದು, ವಿಪರೀತ ಸುಸ್ತು, ಓಕರಿಕೆ, ದವಡೆ ಅಥವಾ ಬೆನ್ನಿನ ನೋವು ಅವರಲ್ಲಿ ಹೆಚ್ಚಾಗಿ ಕಾಣುತ್ತವೆ. 'ಗ್ಯಾಸ್ ಆಗಿರಬೇಕು' ಎಂದು ಸೋಡಾ ಕುಡಿಸಿ ಮಲಗಿಸುವ ಮನೆಗಳು ನಮ್ಮಲ್ಲಿ ಎಷ್ಟಿಲ್ಲ? ಕೈಗಡಿಯಾರಗಳು ನಾಡಿಯ ಏರುಪೇರನ್ನು ತೋರಿಸಬಲ್ಲವು. ಹೃದಯಾಘಾತವನ್ನು ಅವು ಹಿಡಿದುಕೊಡಲಾರವು. 2023ರಲ್ಲಿ ನಮ್ಮ ರಾಜ್ಯದಲ್ಲಿ ಆರಂಭವಾದ ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆಯಲ್ಲಿ, ತಾಲ್ಲೂಕು ಆಸ್ಪತ್ರೆಯಲ್ಲಿ ತೆಗೆದ ಇಸಿಜಿ ದೂರದ ತಜ್ಞರನ್ನು ಕ್ಷಣಗಳಲ್ಲಿ ಮುಟ್ಟುವ ಏರ್ಪಾಡಿದೆ. ಅದೂ ಡಿಜಿಟಲ್ ಸಾಧನವೇ. ಸ್ವಂತ ಮೊಬೈಲಿಲ್ಲದವಳಿಗೂ ಸಲ್ಲುವಂಥದು. ಆದರೆ ಅವಳನ್ನು ಆಸ್ಪತ್ರೆಗೆ ಕರೆದೊಯ್ಯುವ ಕಾಳಜಿ ಮನೆಯವರದೇ ಆಗಬೇಕು.

ಕೊನೆಯದಾಗಿ, ನಡೆಯಲು ದಾರಿಯೂ ಬೇಕಲ್ಲವೆ? ನಮ್ಮ ಹೆದ್ದಾರಿಯಲ್ಲಿ ಲಾರಿಗಳ ಸಾಲು; ಓಣಿಯಲ್ಲಿ 'ಯಾಕ ಸುಮ್ನ ಹೊಂಟೀ?' ಎಂದು ಕೇಳುವವರ ಸಾಲು. ಗಂಡಸು ನಡೆದರೆ ವ್ಯಾಯಾಮ, ಹೆಂಗಸು ನಡೆದರೆ ತಿರುಗಾಟ! ಈ ಭಾವನೆ ಹೋಗದೆ ಯಾವ ಯಂತ್ರವೂ ಅವಳ ತೂಕ ಇಳಿಸಲಾರದು.

ನನ್ನ ಹಳೆಯ ಮೊಬೈಲನ್ನು ಈಗ ಅವ್ವನಿಗೇ ಕೊಟ್ಟಿದ್ದೇನೆ. ನೆರೆಯ ಇಬ್ಬರು ಹೆಂಗಸರೊಡನೆ ಅವಳು ಬೆಳಗಿನ ಜಾವ ನಡೆಯುತ್ತಾಳೆ. ಮೊದಲ ದಿನ ಪರದೆಯ ಮೇಲಿನ ಸಂಖ್ಯೆ ನೋಡಿ, 'ಇವಿಷ್ಟೂ ನನ್ನ ಹೆಜ್ಜೇನ?' ಎಂದು ಕೇಳಿದಳು. ಹೌದೆಂದೆ.

ಗೆಳೆಯ ಗೆಳತಿಯರೇ, ಮುಂದಿನ ರಜೆಗೆ ಊರಿಗೆ ಹೋದಾಗ ನಿಮ್ಮ ತಾಯಿಯ ರಕ್ತದೊತ್ತಡವನ್ನೊಮ್ಮೆ ಪರೀಕ್ಷೆ ಮಾಡಿಸಿರಿ. ಅವಳೊಡನೆ ಅರ್ಧ ಗಂಟೆ ನಡೆಯಿರಿ. ಓದಿದ ಮಕ್ಕಳು ತಾಯಿಗೆ ಸಲ್ಲಿಸಬಹುದಾದ ಸೇವೆಗಳಲ್ಲಿ ಇದು ಸಣ್ಣದೇನೂ ಅಲ್ಲ.