ಮುಳುಗಿದ ನಡುಗಡ್ಡೆ, ಉಳಿದ ಊರು

ಪರದೇಶದ ಪ್ರವಾಸವೆಂದರೆ ಮಹಾನಗರಗಳ ಎತ್ತರದ ಕಟ್ಟಡಗಳನ್ನೂ ಅಂಗಡಿಬೀದಿಗಳನ್ನೂ ಕಂಡು ಬರುವುದೆಂದೇ ನಾವು ಬಹುಕಾಲ ಭಾವಿಸಿದ್ದೆವು. ಕಳೆದ ಫೆಬ್ರುವರಿಯಲ್ಲಿ ನ್ಯೂಜಿಲೆಂಡಿನ ಕ್ರೈಸ್ಟ್‌ಚರ್ಚ್ ನಗರದಲ್ಲಿರುವ ಮಗಳ ಮನೆಗೆ ಹೋದಾಗ ಆ ಭಾವನೆ ಬದಲಾಯಿತು. "ಅವ್ವಾ, ನೀವಿಬ್ಬರೇ ಒಂದು ವಾರ ಸಣ್ಣ ಊರುಗಳ ಕಡೆ ಅಡ್ಡಾಡಿ ಬರ್ರಿ" ಎಂದು ಆಕೆ ಒಂದು ಕ್ಯಾಂಪರ್ ವ್ಯಾನನ್ನು ಬಾಡಿಗೆಗೆ ಗೊತ್ತುಮಾಡಿಕೊಟ್ಟಳು. ನಲವತ್ತು ವರ್ಷಗಳ ಸಂಸಾರದಲ್ಲಿ ನಾವಿಬ್ಬರೇ ಒಂದು ವಾರ ಜೊತೆಗಿದ್ದುದು ಅದೇ ಮೊದಲು.

ಆ ವ್ಯಾನೇ ಒಂದು ಪುಟ್ಟ ಮನೆ. ಮಡಚಿಡುವ ಮಂಚ, ಗ್ಯಾಸಿನ ಒಲೆ, ನೀರಿನ ತೊಟ್ಟಿ, ಮೂಲೆಯಲ್ಲಿ ಶೌಚದ ವ್ಯವಸ್ಥೆ. ಆ ದೇಶದಲ್ಲಿಯೂ ವಾಹನಗಳು ನಮ್ಮಂತೆ ಎಡಬದಿಗೇ ಸಾಗುವುದರಿಂದ ಯಜಮಾನರಿಗೆ ಓಡಿಸಲು ಅಂಜಿಕೆಯಾಗಲಿಲ್ಲ. ಕಂಡಕಂಡಲ್ಲಿ ತಂಗಲು ಮಾತ್ರ ಅವಕಾಶವಿಲ್ಲ. ಅದಕ್ಕಾಗಿ 2011ರಲ್ಲಿಯೇ ಒಂದು ಕಾಯಿದೆಯಾಗಿದೆ. 2023ರಲ್ಲಿ ಅದು ಇನ್ನಷ್ಟು ಬಿಗಿಯಾಯಿತು. ಬಳಸಿದ ನೀರನ್ನು ನೆಲಕ್ಕೆ ಚೆಲ್ಲದೆ ತುಂಬಿಟ್ಟುಕೊಂಡು, ಅದಕ್ಕೆಂದೇ ಇರುವ ಸ್ಥಳದಲ್ಲಿ ಬರಿದುಮಾಡಬೇಕು. ವಿಮಾನನಿಲ್ದಾಣದಲ್ಲಿಯೂ ಅಷ್ಟೇ ಕಟ್ಟುನಿಟ್ಟು. ತಂದ ತಿನಿಸನ್ನು ತಿಳಿಸದಿದ್ದರೆ 400 ಡಾಲರ್ ದಂಡ. ನಾವು ರೊಟ್ಟಿ, ಚಟ್ನಿಪುಡಿಗಳ ವಿವರವನ್ನೆಲ್ಲ ಮೊದಲೇ ಬರೆದುಕೊಟ್ಟು ಪಾರಾದೆವು.

ಫೇರ್ಲಿ ಎಂಬ ಪುಟ್ಟ ಊರನ್ನು ದಾಟಿ ಟೆಕಪೊ ಸರೋವರವನ್ನು ಸೇರಿದೆವು. ಅಲ್ಲಿ 1935ರಲ್ಲಿ ಕಲ್ಲಿನಿಂದ ಕಟ್ಟಿದ ಚಿಕ್ಕ ಇಗರ್ಜಿಯೊಂದಿದೆ. ಅದರ ಸಮೀಪದಲ್ಲಿಯೇ ಕುರಿ ಕಾಯುವ ನಾಯಿಯೊಂದರ ಕಂಚಿನ ಪ್ರತಿಮೆ! ಆ ಬೆಟ್ಟಗಾಡಿನಲ್ಲಿ ಇಂಥ ನಾಯಿಗಳ ನೆರವಿಲ್ಲದೆ ಕುರಿ ಸಾಕುವುದು ಸಾಧ್ಯವಿರಲಿಲ್ಲವೆಂಬ ಕೃತಜ್ಞತೆಯಿಂದ 1968ರಲ್ಲಿ ಅದನ್ನು ನಿಲ್ಲಿಸಿದರಂತೆ. ದುಡಿದ ಮೂಕಪ್ರಾಣಿಯನ್ನು ನೆನೆಯುವ ಈ ಗುಣ ನಮಗೆ ಬಹಳ ಹಿಡಿಸಿತು.

ಮರುದಿನ ಪುಕಾಕಿ ಸರೋವರದ ದಂಡೆಯಲ್ಲಿ ವ್ಯಾನು ನಿಲ್ಲಿಸಿದೆವು. ಹಿಮನದಿಗಳು ಅರೆದ ಕಲ್ಲಿನ ಪುಡಿ ನೀರಿನಲ್ಲಿ ತೇಲುವುದರಿಂದ ಅದಕ್ಕೆ ಹಾಲು ಬೆರೆಸಿದಂಥ ನೀಲಿ ಬಣ್ಣ. ಆಚೆಗೆ 3,724 ಮೀಟರ್ ಎತ್ತರದ ಅವೊರಾಕಿ ಶಿಖರ. ಇಷ್ಟು ಸುಂದರವಾದ ಸರೋವರಕ್ಕೂ ಒಂದು ನೋವಿನ ಕಥೆಯಿದೆ. ವಿದ್ಯುತ್ತಿಗಾಗಿ ಇದರ ಮಟ್ಟವನ್ನು ಎರಡು ಸಲ ಏರಿಸಿದ್ದಾರೆ. 1970ರ ದಶಕದಲ್ಲಿಯೇ 37 ಮೀಟರ್. ಹಿಂದೊಮ್ಮೆ ಆ ದೇಶದ ಐದು ಪೌಂಡಿನ ನೋಟಿನ ಮೇಲೆ ಅಚ್ಚಾಗಿದ್ದ ನಡುಗಡ್ಡೆಯೊಂದು ಹೀಗೆ ನೀರಿನ ಪಾಲಾಯಿತು. ಇದನ್ನು ತಿಳಿದ ಯಜಮಾನರು ಬಹಳ ಹೊತ್ತು ಮಾತಿಲ್ಲದೆ ನಿಂತರು.

ಆ ಮೌನದ ಕಾರಣ ನಮಗೆ ಗೊತ್ತಿತ್ತು. ಅವರು ಹುಟ್ಟಿದ ಮನೆ ಹಳೆಯ ಬಾಗಲಕೋಟೆಯಲ್ಲಿತ್ತು. ಆಲಮಟ್ಟಿಯ ಹಿನ್ನೀರಿಗೆ ಆ ಊರಿನ ಒಂದು ಭಾಗ ಹೋದಾಗ ಪಡಸಾಲೆ, ಹಿತ್ತಲು, ಬೇವಿನ ಗಿಡ ಎಲ್ಲವೂ ಹೋದವು. ಭಾವನವರು ನವನಗರದಲ್ಲಿ ಹೊಸ ಮನೆ ಕಟ್ಟಿದರು. ಹುಬ್ಬಳ್ಳಿಯಲ್ಲಿ ನೆಲೆಸಿದ್ದ ಇವರು ಮಾತ್ರ ಅಂದಿನಿಂದ ಆ ಕಡೆ ಕಾಲಿಡಲಿಲ್ಲ. ಅಣ್ಣ ಕರೆದಾಗಲೆಲ್ಲ ಒಂದೊಂದು ನೆವ.

ಅಂದು ಸಂಜೆ ಟ್ವೈಜಲ್ ಎಂಬ ಊರಿನ ಶಿಬಿರತಾಣದಲ್ಲಿ ತಂಗಿದೆವು. ಜಲವಿದ್ಯುತ್ ಯೋಜನೆಯ ಕೆಲಸಗಾರರಿಗಾಗಿ ಸರಕಾರವು 1968ರಲ್ಲಿ ಕಟ್ಟಲಾರಂಭಿಸಿದ ಊರದು. ಕೆಲಸ ಮುಗಿದೊಡನೆ ಮನೆಗಳನ್ನು ತೆಗೆದು ನೆಲವನ್ನು ಮತ್ತೆ ಕೃಷಿಗೆ ಬಿಡುವುದೆಂಬುದು ಮೊದಲಿನ ನಿರ್ಧಾರ. ಆದರೆ ನಿವಾಸಿಗಳು ಪಟ್ಟುಹಿಡಿದು 1983ರಲ್ಲಿ ಊರನ್ನು ಉಳಿಸಿಕೊಂಡರು. ಶಿಬಿರದ ಅಡುಗೆಕೋಣೆಯಲ್ಲಿ ನಮ್ಮ ಉಪ್ಪಿಟ್ಟಿನ ರುಚಿ ನೋಡಿದ ವೃದ್ಧರೊಬ್ಬರು ಹಿಂದೆ ಅದೇ ಯೋಜನೆಯಲ್ಲಿ ದುಡಿದವರು. "ಮನೆಗಳೇನೂ ಚೆನ್ನಾಗಿರಲಿಲ್ಲ, ನೆರೆಹೊರೆಯವರು ಚೆನ್ನಾಗಿದ್ದರು. ಅವರನ್ನು ಬಿಡಲಾಗದೆ ಉಳಿದೆವು" ಎಂದರು.

ವ್ಯಾನಿಗೆ ಮರಳಿದ ಮೇಲೆ ಯಜಮಾನರು ಮೆಲ್ಲಗೆ ನುಡಿದರು: "ಇವರು ಊರು ಉಳಿಸಿಕೊಂಡ್ರು. ನಾವು ಕಾಗದಕ್ಕ ಸಹಿ ಹಾಕಿ ಬಂದ್ವಿ."

"ಮನಿ ಹೋತು ಖರೆ. ಭಾವನವರು ಅದಾರಲ್ರೀ" ಎಂದೆವು.

ಅವರು ಕೈಗಡಿಯಾರ ನೋಡಿಕೊಂಡರು. ಅಲ್ಲಿ ಸಂಜೆ ಆರೂವರೆಯಾದರೆ ನಮ್ಮಲ್ಲಿ ಬೆಳಗಿನ ಹನ್ನೊಂದು. ಅಣ್ಣನಿಗೆ ಫೋನು ಹಚ್ಚಿದರು. ಅಣ್ಣತಮ್ಮಂದಿರು ಏನು ಮಾತನಾಡಿದರೋ, ನಾವು ಹೊರಗೆ ಬಂದು ಕುಳಿತೆವು.

ಊರಿಗೆ ಮರಳಿದ ವಾರದಲ್ಲಿಯೇ ನಾವಿಬ್ಬರೂ ಬಾಗಲಕೋಟೆಗೆ ಹೋದೆವು. ಅಣ್ಣತಮ್ಮಂದಿರು ಹಿನ್ನೀರಿನ ದಂಡೆಯಲ್ಲಿ ನಿಂತು, ಬಾವಿ ಎಲ್ಲಿತ್ತು, ಕಟ್ಟೆ ಎಲ್ಲಿತ್ತು ಎಂದು ನೀರಿನ ಕಡೆ ಕೈಚಾಚಿ ವಾದಿಸುತ್ತಿದ್ದರು. ಇಬ್ಬರ ಲೆಕ್ಕವೂ ಕೂಡಿಬರಲಿಲ್ಲ.

ಓದುಗ ಸೋದರಿಯರೇ, ಮಕ್ಕಳು ಪರದೇಶದಲ್ಲಿದ್ದು ನಿಮ್ಮನ್ನು ಕರೆಸಿಕೊಂಡರೆ ನಾಲ್ಕು ದಿನವಾದರೂ ಸಣ್ಣ ಊರುಗಳ ದಾರಿ ಹಿಡಿಯಿರಿ. ಅವಸರವಿಲ್ಲದ ದಾರಿಯಲ್ಲಿ ಗಂಡಹೆಂಡಿರಿಗೆ ಬಹಳ ದಿನದಿಂದ ಬಾಕಿ ಉಳಿದ ಮಾತುಗಳನ್ನಾಡಲು ಬಿಡುವು ದೊರೆಯುತ್ತದೆ. ನಮ್ಮ ಮಟ್ಟಿಗಂತೂ ಅಷ್ಟು ದೂರ ಹೋದುದರ ಫಲ, ಹುಬ್ಬಳ್ಳಿಯಿಂದ ಬಾಗಲಕೋಟೆಯವರೆಗಿನ ದಾರಿ ಮತ್ತೆ ತೆರೆದದ್ದು.